ಗುಡ್ಡ ಹಾಲು ಕೊಟ್ಟ ವರ್ಷ

ನನಗೆ ಮಾತಿನ ಚಟ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸಿದೆ. ನಿವೃತ್ತನಾದ ಮೇಲೆ ಎದುರಿಗೆ ಕೂರಿಸಿಕೊಳ್ಳಲು ಮಕ್ಕಳಿಲ್ಲದೆ ನಾಲಿಗೆ ತುರಿಸತೊಡಗಿತು. ಭಜನಾ ಮಂದಿರದ ವಾರ್ಷಿಕೋತ್ಸವ, ದೇವಸ್ಥಾನದ ಧಾರ್ಮಿಕ ಸಭೆ, ಶಾಲೆಗಳ ಪರಿಸರ ದಿನ ಎಂದು ಕರೆದಲ್ಲಿಗೆಲ್ಲ ಹೋಗುತ್ತಿದ್ದೆ. ಕರೆಯದಿದ್ದರೆ ಯಾಕೆ ಕರೆಯಲಿಲ್ಲ ಎಂದು ಒಳಗೊಳಗೇ ಸಿಟ್ಟಾಗುತ್ತಿದ್ದೆ. ನನ್ನ ಖಾಯಂ ವಿಷಯ ‘ಪ್ರಕೃತಿ ಮತ್ತು ಮಾನವ’. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಡುವ ಮೊದಲು ಭೂಮಿಯ ಕ್ಷಮೆ ಕೇಳುವವರು ನಮ್ಮ ಹಿರಿಯರು ಎಂದು ಶುರು ಮಾಡಿದರೆ ಮುಕ್ಕಾಲು ಗಂಟೆ ನಿಲ್ಲುತ್ತಿರಲಿಲ್ಲ. ಮಂಚದಿಂದ ಇಳಿಯುವಾಗ ನಾನು ಒಂದು ದಿನವೂ ಯಾರ ಕ್ಷಮೆಯನ್ನೂ ಕೇಳಿದವನಲ್ಲ. ಚಪ್ಪಲಿ ಎಲ್ಲಿ ಎಂದು ಹುಡುಕುವುದಷ್ಟೇ ನನ್ನ ಪ್ರಾತಃಸ್ಮರಣೆ.

ಇಷ್ಟನ್ನು ಮೊದಲೇ ಹೇಳಿದ್ದು, ಮುಂದೆ ಹೇಳಲಿರುವುದರಲ್ಲಿ ಗುಡ್ಡದ ತಪ್ಪೆಷ್ಟು, ನನ್ನದೆಷ್ಟು ಎಂಬುದು ಓದುವವರಿಗೆ ತಿಳಿಯಲಿ ಎಂದು.

ನನ್ನ ಅಕ್ಕನ ಮನೆ ಇರುವುದು ಎಣ್ಮಕಜೆ ಕಡೆ, ಒಂದು ಮುರಕಲ್ಲಿನ, ಎಂದರೆ ಕೆಂಪು ಜಂಬಿಟ್ಟಿಗೆಯ, ಗುಡ್ಡದ ಬುಡದಲ್ಲಿ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ; ಆಮೇಲೆ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದ್ದೆಲ್ಲ ಅವಳೇ. ಭಾವ ತೀರಿಕೊಂಡ ಮೇಲೆ ಅವಳು ಮತ್ತು ಒಂದು ಹಸು ಆ ಮನೆಯಲ್ಲಿ ಇದ್ದರು. ಮಕ್ಕಳಿರಲಿಲ್ಲ. ನಾನಿರುವ ಬೆಳ್ಳೂರಿಗೆ ಬಾ ಎಂದರೆ, “ನಿನ್ನ ಬಾವಿ ನೀರಿನಲ್ಲಿ ಬೇಳೆ ಬೇಯುದಿಲ್ಲ” ಎನ್ನುತ್ತಿದ್ದಳು.

ಅವಳ ಹೆಮ್ಮೆ ಅವಳ ನೀರು. ನಮ್ಮ ಕಡೆ ಗುಡ್ಡದ ಬದಿಯಿಂದ ಒಳಕ್ಕೆ ಅಡ್ಡವಾಗಿ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ ತೋಡುತ್ತ ಹೋಗುತ್ತಾರೆ. ಎಲ್ಲಿ ಒರತೆ ಸಿಗುತ್ತದೋ ಅಲ್ಲಿಗೆ ನಿಲ್ಲಿಸುತ್ತಾರೆ. ಅದೇ ಸುರಂಗ. ನೀರು ತಾನಾಗಿಯೇ ಹರಿದು ಬರುತ್ತದೆ. ಹಗ್ಗ ಬೇಡ, ಪಂಪು ಬೇಡ, ಕರೆಂಟು ಬೇಡ. ಅಕ್ಕನ ಮನೆಯ ಸುರಂಗ ನಲವತ್ತು ಕೋಲು ಉದ್ದ. ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಮೊದಲು ಅಡಿಕೆ ಮರ ಸೀಳಿದ ದಂಬೆಯಲ್ಲಿ, ಈಗ ಪ್ಲಾಸ್ಟಿಕ್ ಪೈಪಿನಲ್ಲಿ ಆ ನೀರು ಅಂಗಳದ ತೊಟ್ಟಿಗೆ ಬೀಳುತ್ತಿತ್ತು. ಹಗಲೂ ರಾತ್ರಿ ಬೀಳುವ ಆ ಸದ್ದಿಗೆ ಒಗ್ಗಿಹೋದ ಅಕ್ಕನಿಗೆ ನನ್ನ ಮನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ.

ಸುರಂಗ ತೋಡಿದವರು ಈಗಲೂ ಇದ್ದಾರೆ. ಎಂಬತ್ತರ ಹತ್ತಿರ ಹತ್ತಿರ ಪ್ರಾಯ, ಬಾಗಿದ ಬೆನ್ನು. ಜೀವಮಾನವೆಲ್ಲ ಗುಡ್ಡದೊಳಗೆ ಬಗ್ಗಿ ಕೆಲಸ ಮಾಡಿದವರ ಬೆನ್ನು ಹೊರಗೆ ಬಂದ ಮೇಲೂ ನೆಟ್ಟಗಾಗುವುದಿಲ್ಲ. ಅವರನ್ನು ನಾನು ಅಜ್ಜ ಎಂದೇ ಕರೆಯುವುದು. ಅಕ್ಕನ ಮಾವನವರ ಕಾಲದಲ್ಲಿ, ಹರೆಯದಲ್ಲಿ, ಒಂದು ಪಿಕ್ಕಾಸು, ಒಂದು ಮೇಣದ ಬತ್ತಿ, ಮಣ್ಣೆಳೆಯಲು ಒಂದು ಅಡಿಕೆ ಹಾಳೆ ಇಟ್ಟುಕೊಂಡು ಎರಡು ಬೇಸಗೆ ಕೆಲಸ ಮಾಡಿ ಅದನ್ನು ತೋಡಿದ್ದರಂತೆ. ಬತ್ತಿ ಸಣ್ಣಗಾದರೆ ಗಾಳಿ ಕಡಿಮೆಯಾಯಿತು ಎಂದು ಲೆಕ್ಕ, ಹೊರಗೆ ಬರಬೇಕು. ಅವರು ಗುಡ್ಡಕ್ಕೆ ತೆಂಗಿನಕಾಯಿ ಒಡೆದವರಲ್ಲ, ಕೈ ಮುಗಿದವರೂ ಅಲ್ಲ. ಒಳಗೆ ಹೋಗುವ ಮೊದಲು ಅಂಗೈಯನ್ನು ಗೋಡೆಗೆ ಒತ್ತಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು, ಅಷ್ಟೇ. ಅದು ಪ್ರಾರ್ಥನೆಯೆಂದು ನಾನು ಎಷ್ಟೋ ಭಾಷಣಗಳಲ್ಲಿ ಹೇಳಿದ್ದೇನೆ. ಅವರನ್ನೇ ಒಮ್ಮೆ ಕೇಳಬಹುದಿತ್ತು, ಕೇಳಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಬಹಳ ವರ್ಷ ಕಲ್ಲುಕೋರೆ ಇತ್ತು. ಯಂತ್ರದಲ್ಲಿ ಚೌಕ ಚೌಕವಾಗಿ ಮುರಕಲ್ಲು ಕೊಯ್ದು ಲಾರಿಗಳಲ್ಲಿ ಒಯ್ದರು. ನನ್ನ ಮನೆಯ ಗೋಡೆಯೂ ಅದೇ ಕಲ್ಲಿನದು. ಕಲ್ಲು ಮುಗಿದ ಮೇಲೆ ಹೊಂಡಗಳನ್ನು ಹಾಗೆಯೇ ಬಿಟ್ಟು ಹೋದರು. ಮಳೆಗಾಲದಲ್ಲಿ ಅವು ತುಂಬಿ ಕೆರೆಯಾಗುತ್ತಿದ್ದವು, ಮಳೆ ನಿಂತು ನಾಲ್ಕು ದಿನಕ್ಕೆಲ್ಲ ಖಾಲಿ. ಅಷ್ಟು ನೀರು ಎಲ್ಲಿಗೆ ಹೋಗುತ್ತದೆ ಎಂದು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಒಮ್ಮೆ ಕೇಳಿದ್ದಳು. “ಭೂಮಿ ಕುಡಿಯುತ್ತದೆ” ಎಂದು ಚಂದಕ್ಕೆ ಹೇಳಿ ಮುಂದಿನ ಪಾಠಕ್ಕೆ ಹೋಗಿದ್ದೆ.

ಮೂರು ವರ್ಷದ ಹಿಂದೆ, ಜಡಿಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು.

“ತಮ್ಮಾ, ಒಮ್ಮೆ ಬಂದು ಹೋಗು. ಸುರಂಗದ ನೀರು ಬಿಳಿ ಬರ್ತಾ ಉಂಟು. ನಂಗೆ ಎಂತ ಮಾಡುದೂಂತ ಗೊತ್ತಾಗುದಿಲ್ಲ.”

ನಾನು ತಲುಪುವಾಗ ಅಂಗಳದಲ್ಲಿ ಆಗಲೇ ಹತ್ತು ಹದಿನೈದು ಜನ. ಪೈಪಿನಿಂದ ಬೀಳುತ್ತಿದ್ದದ್ದು ಆಗ ತಾನೇ ಕರೆದ ಹಾಲಿನ ಹಾಗೆಯೇ ಇತ್ತು. ತೊಟ್ಟಿ ತುಂಬಿ, ಅಂಗಳದ ಕೆಂಪು ಮಣ್ಣಿನ ಮೇಲೆ ಬಿಳಿ ಗೆರೆಯಾಗಿ ಹರಿದು ಹೋಗುತ್ತಿತ್ತು. ಹಸು ಅದನ್ನು ಮೂಸಿ ಹಿಂದೆ ಸರಿದು ನಿಂತಿತ್ತು. ನೋಡಿದಾಗ ನನಗೆ ಮೊದಲು ಆದದ್ದು ಭಯ. ಅದನ್ನು ಯಾರಿಗೂ ಹೇಳಲಿಲ್ಲ.

“ಇದೆಂತ ಮಾಷ್ಟ್ರೇ?” ಎಂದು ನೆರೆಮನೆಯ ಹೆಂಗಸು ಕೇಳಿದರು. “ನೀವು ಕಲಿತವರು. ನೀವೇ ಹೇಳಿ.”

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಅಷ್ಟು ಜನ ಎದುರಿಗೆ ನಿಂತಾಗ ಆ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ.

“ಇದು ನೀರಲ್ಲ” ಎಂದೆ. “ತಾಯಿಯ ಹಾಲು. ಇಷ್ಟು ವರ್ಷ ನಾವು ಇವಳ ನೆತ್ತಿ ಕೊಯ್ದೆವು. ಆದರೂ ಇವಳು ನಮಗೆ ಕೊಡುವುದು ಹಾಲನ್ನೇ.”

ಹೇಳುತ್ತಿದ್ದಂತೆ ನನಗೇ ರೋಮಾಂಚನವಾಯಿತು. ಆ ಹೆಂಗಸು ಕಣ್ಣೊರೆಸಿಕೊಂಡರು. ಒಬ್ಬ ಚಪ್ಪಲಿ ಕಳಚಿ ಬದಿಗಿಟ್ಟ. ಸಂಜೆಯೊಳಗೆ ಬಿಳಿ ನೀರಿನ ವಿಡಿಯೋ ಊರೆಲ್ಲ ಸುತ್ತಿ ನನ್ನ ಫೋನಿಗೂ ಬಂತು, ‘ಗುಡ್ಡದಿಂದ ಹಾಲು’ ಎಂಬ ತಲೆಬರಹದೊಂದಿಗೆ. ಮರುದಿನ ಜನ ಬಾಟಲಿ ಹಿಡಿದು ಬರತೊಡಗಿದರು. ಸುರಂಗದ ಬಾಯಿಗೆ ಯಾರೋ ಒಂದು ಕಲ್ಲು ನಿಲ್ಲಿಸಿ ಅರಿಶಿನ ಕುಂಕುಮ ಹಚ್ಚಿದರು. ಭಜನಾ ಮಂದಿರದವರು ಬಂದು, ಆದಿತ್ಯವಾರ ಈ ವಿಷಯದಲ್ಲೇ ನಿಮ್ಮ ಉಪನ್ಯಾಸ ಆಗಬೇಕು ಎಂದು ಕೇಳಿಕೊಂಡರು. ನಾನು ಸ್ವಲ್ಪ ಬಿಗುಮಾನ ಮಾಡಿ ಒಪ್ಪಿದೆ.

ಅಕ್ಕ ಆ ನೀರನ್ನು ಒಂದು ತಾಮ್ರದ ಚೆಂಬಿನಲ್ಲಿ ತುಂಬಿ ದೇವರ ಮುಂದೆ ಇಟ್ಟಿದ್ದಳು. ಎರಡು ದಿನ ಬಿಟ್ಟು ಹೋದಾಗ ನಾನು ಸುಮ್ಮನೆ ಅದರೊಳಗೆ ನೋಡಿದೆ. ಮೇಲಿನ ನೀರು ತಿಳಿಯಾಗಿತ್ತು. ಬೆರಳು ಇಳಿಸಿದರೆ ಅಡಿಯಲ್ಲಿ ಮೆತ್ತಗೆ, ಬಿಳಿಯಾಗಿ, ಒಂದು ಬೆರಳಿನ ದಪ್ಪ ಕೂತಿತ್ತು. ನೀರಿನಲ್ಲಿ ಕದಡಿದ ಜೇಡಿ ತಳಕ್ಕೆ ಇಳಿಯುವುದನ್ನು ಗಾಜಿನ ಲೋಟದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ತೋರಿಸಿದವನು ನಾನು. ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಬೆರಳನ್ನು ಪಂಚೆಗೆ ಒರೆಸಿಕೊಂಡು ಹೊರಗೆ ಬಂದೆ.

ಹೊರಗೆ ತೊಟ್ಟಿಯ ಹತ್ತಿರ ಅಜ್ಜ ನಿಂತಿದ್ದರು. ಯಾರೋ ಹೇಳಿ ಕಳಿಸಿದ್ದರಂತೆ. ಅವರು ಪೈಪಿನ ಕೆಳಗೆ ಕೈ ಹಿಡಿದು, ಬೆರಳುಗಳ ನಡುವೆ ತಿಕ್ಕಿ, ನಾಲಿಗೆಗೆ ಮುಟ್ಟಿಸಿ ಉಗಿದರು. ಕೈಯಲ್ಲಿ ಬಾಟಲಿ ಹಿಡಿದಿದ್ದವರಿಗೆ ಅದು ಸರಿ ಕಾಣಲಿಲ್ಲ. ಅಜ್ಜ ನನ್ನನ್ನು ಹಸುವಿನ ಹಟ್ಟಿಯ ಬದಿಗೆ ಕರೆದರು.

“ಮಾಷ್ಟ್ರೇ, ಇದು ಸೇಡಿ” ಎಂದರು. ಮುರಕಲ್ಲಿನ ಪದರದ ಅಡಿಯಲ್ಲಿರುವ ಬಿಳಿ ಜೇಡಿಮಣ್ಣಿಗೆ ನಮ್ಮಲ್ಲಿ ಸೇಡಿ ಎನ್ನುತ್ತಾರೆ. “ಒಳಗೆ ಮೂವತ್ತನೇ ಕೋಲಿನಲ್ಲಿ ಬಲಗೈ ಬದಿಗೆ ಸಿಕ್ಕಿತ್ತು. ಅದನ್ನು ಮುಟ್ಲಿಕ್ಕಿಲ್ಲಾಂತ ನಾನು ಎಡಕ್ಕೆ ತಿರುಗಿದ್ದು. ಈಗ ಮೇಲಿನ ಹೊಂಡದ ನೀರು ಹೋಗಿ ಅದನ್ನು ಮುಟ್ಟಿದೆ. ಹೊರಗೆ ಎಷ್ಟು ಬಿಳಿ ಬರ್ತದಾ, ಒಳಗೆ ಅಷ್ಟು ಖಾಲಿ ಆಗ್ತದೆ.”

“ಖಾಲಿ ಆದ್ರೆ?”

ಅವರು ನನ್ನ ಮುಖ ನೋಡಿದರು. ಆಮೇಲೆ ಹಟ್ಟಿಯ ಮೇಲೆ ಎದ್ದು ನಿಂತ ಗುಡ್ಡವನ್ನು ನೋಡಿದರು.

“ಆದಿತ್ಯವಾರ ನಿಮ್ಮ ಭಾಷಣ ಉಂಟಂತಲ್ಲ. ಅಲ್ಲಿ ಹೇಳಿಬಿಡಿ. ನಾನು ಹೇಳಿದ್ರೆ ಯಾರು ಕೇಳ್ತಾರೆ?”

ಆಯಿತು ಎಂದೆ. ಆದಿತ್ಯವಾರ ಮಂದಿರ ತುಂಬಿತ್ತು, ಹೊರಗೆ ಜಗಲಿಯಲ್ಲೂ ಜನ. ನನ್ನ ಜೀವಮಾನದಲ್ಲಿ ಅಷ್ಟು ಜನ ನನ್ನ ಮಾತಿಗಾಗಿ ಬಂದದ್ದಿಲ್ಲ. ಮೊದಲು ತಾಯಿಯ ಮಾತು ಆಡೋಣ, ಕೊನೆಯಲ್ಲಿ ಮೆಲ್ಲಗೆ ಮಣ್ಣಿನ ಮಾತು ತರೋಣ ಎಂದು ಲೆಕ್ಕ ಹಾಕಿ ಎದ್ದು ನಿಂತೆ. ಆದರೆ ಆ ದಿನ ಮಾತು ತಾನಾಗಿಯೇ ಬಂತು. ನಾವು ಪ್ರಕೃತಿಯ ಒಡೆಯರಲ್ಲ, ಮಕ್ಕಳು ಎಂದೆ. ಮಗು ಎಷ್ಟು ಒದ್ದರೂ ತಾಯಿ ಮೊಲೆಯೂಡುವುದನ್ನು ನಿಲ್ಲಿಸುವುದಿಲ್ಲ ಎಂದೆ. “ಗುಡ್ಡ ಕುಸಿದೀತು ಎಂದು ಹೆದರಿಸುವವರಿದ್ದಾರೆ. ನಾನು ಕೇಳುತ್ತೇನೆ, ತಾಯಿ ಎಲ್ಲಿಯಾದರೂ ಮಗುವಿನ ಮೇಲೆ ಬಿದ್ದಾಳೇ?” ಎಂದು ಕೈ ಎತ್ತಿದೆ. ಚಪ್ಪಾಳೆ ನಿಲ್ಲಲಿಲ್ಲ. ಆ ಚಪ್ಪಾಳೆಯ ಮೇಲೆ ಮಣ್ಣು ಹಾಕುವ ಧೈರ್ಯ ನನಗಿರಲಿಲ್ಲ. ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಅಜ್ಜ ಕೂತಿದ್ದರು. ಊಟಕ್ಕೆ ನಿಲ್ಲದೆ ಹೋದರು.

ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಗೊತ್ತಿಲ್ಲದೆ ಹೇಳಿದ ಮೊದಲ ಮಾತಿಗೆ ಕ್ಷಮೆ ಇದ್ದೀತು. ಗೊತ್ತಿದ್ದೂ ಆಡಿದ ಈ ಎರಡನೆಯದಕ್ಕೆ ಇಲ್ಲ.

ಮರುವರ್ಷ ಮಳೆ ಬಿರುಸಾದೊಡನೆ ನೀರು ಮತ್ತೆ ಬಿಳಿಯಾಯಿತು, ಮೊದಲಿಗಿಂತ ದಪ್ಪ. ಸುರಂಗದ ಬಾಯಿಯ ಕಲ್ಲಿಗೆ ಮಳೆ ತಾಗದಂತೆ ಶೀಟಿನ ಮಾಡು ಬಂತು, ಕಾಣಿಕೆ ಡಬ್ಬಿ ಬಂತು. ಚೆಂಬಿನ ಅಡಿಯಲ್ಲಿ ಕೂತ ಸೇಡಿಯನ್ನು ಅಕ್ಕ ಒಣಗಿಸಿ ಕೊಡುತ್ತಿದ್ದಳು. ಬಂದವರು ಅದನ್ನು ಪ್ರಸಾದವೆಂದು ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ಗುಡ್ಡದ ಒಳಗಿರಬೇಕಾದದ್ದು ಒಬ್ಬೊಬ್ಬರ ಹಣೆಯ ಮೇಲೆ ಹೀಗೆ ಹೊರಗೆ ಹೋಗುತ್ತಿತ್ತು.

ಅದೇ ವರ್ಷ ಅಡುಗೆಮನೆಯ ಬಾಗಿಲು ಹಾಕಲು ಬಾರದಾಯಿತು. ಮಳೆಗಾಲ, ಮರ ಉಬ್ಬಿದೆ ಎಂದಳು ಅಕ್ಕ. ಬೇಸಗೆಯಲ್ಲೂ ಅದು ಸರಿಯಾಗಲಿಲ್ಲ. ಹಟ್ಟಿಯಿಂದ ತೊಟ್ಟಿಯವರೆಗೆ ಅಂಗಳದಲ್ಲಿ ಕೂದಲಿನಷ್ಟು ತೆಳ್ಳಗೆ ಒಂದು ಬಿರುಕು ಕಂಡಿತು. ಅಕ್ಕ ಪ್ರತಿ ಶುಕ್ರವಾರ ಸೆಗಣಿ ಸಾರಿಸಿ ಅದನ್ನು ಮುಚ್ಚುತ್ತಿದ್ದಳು. ಮುಂದಿನ ಶುಕ್ರವಾರ ಅದು ಅಲ್ಲಿಯೇ ಇರುತ್ತಿತ್ತು, ಮೊದಲಿಗಿಂತ ಒಂದಿಷ್ಟು ಅಗಲ. ಹಸು ಹಟ್ಟಿಯೊಳಗೆ ಹೋಗುವುದನ್ನು ಬಿಟ್ಟಿತು. ಹಟ್ಟಿಯ ಹಿಂದಿನ ಗೋಡೆ ಎಂದರೆ ಗುಡ್ಡವೇ. ಎಳೆದರೂ, ಹೊಡೆದರೂ ಒಳಗೆ ಕಾಲಿಡದೆ ಅದು ಸುರಿಯುವ ಮಳೆಯಲ್ಲಿ ಅಂಗಳದಲ್ಲೇ ನಿಲ್ಲುತ್ತಿತ್ತು. ಕೊನೆಗೆ ಅಕ್ಕ ಅದಕ್ಕೆ ಎದುರಿನ ಚಾವಡಿಯಲ್ಲಿ ಜಾಗ ಮಾಡಿಕೊಟ್ಟಳು.

ಕಳೆದ ಮಳೆಗಾಲದಲ್ಲಿ ಟಿವಿಯಲ್ಲಿ ಬೇರೆ ಕಡೆಯ ಗುಡ್ಡವೊಂದು ಕುಸಿದ ದೃಶ್ಯ ತೋರಿಸಿದರು. ಮನೆಗಳಿದ್ದ ಜಾಗದಲ್ಲಿ ಕೆಸರು, ಕೆಸರಿನ ಮೇಲೆ ಒಂದು ತೊಟ್ಟಿಲು. ನಾನು ಟಿವಿ ಆರಿಸಿ ಸ್ಕೂಟರು ಹತ್ತಿದೆ. ಅಕ್ಕನ ಅಂಗಳದಲ್ಲಿ ಪಂಚಾಯತು ಮೆಂಬರು ಮತ್ತು ವಿಲ್ಲೇಜ್ ಆಫೀಸಿನ ಒಬ್ಬರು ಆಗಲೇ ಕೂತಿದ್ದರು. ಜಿಯಾಲಜಿಯವರು ನೋಡಿ ಹೋಗಿದ್ದಾರೆ, ಮಳೆ ಕಳೆಯುವ ತನಕ ಶಾಲೆಯಲ್ಲಿ ಕ್ಯಾಂಪು ಉಂಟು, ಅಲ್ಲಿಗೆ ಹೋಗಬೇಕು ಎಂದು ಅವರು ಹೇಳುತ್ತಿದ್ದರು. ಅಕ್ಕ ಚಾ ಕೊಟ್ಟು, “ನೋಡುವ” ಎಂದು ಅವರನ್ನು ಕಳಿಸಿದಳು.

“ಎಂತ ನೋಡುದು?” ನಾನು ಸಿಡುಕಿದೆ. “ಈಗಲೇ ಹೊರಡು. ಹಸುವನ್ನು ನಾನು ಪಿಕಪ್ಪಿನಲ್ಲಿ ತರಿಸ್ತೇನೆ.”

ಅವಳು ಒಳಗೆ ಹೋಗಿ ತನ್ನ ಫೋನು ತಂದಳು. ಬೆರಳಿನಿಂದ ಏನೋ ಒತ್ತಿ ನನ್ನ ಮಡಿಲಲ್ಲಿಟ್ಟಳು. ನನ್ನದೇ ಸ್ವರ. ಯಾರೋ ಆ ಆದಿತ್ಯವಾರದ ಭಾಷಣವನ್ನು ರೆಕಾರ್ಡು ಮಾಡಿ ಅವಳಿಗೆ ಕಳಿಸಿದ್ದರು. ತಾಯಿ ಎಲ್ಲಿಯಾದರೂ ಮಗುವಿನ ಮೇಲೆ ಬಿದ್ದಾಳೇ ಎಂದು ನಾನು ಕೇಳುತ್ತಿದ್ದೆ, ಆಮೇಲೆ ಚಪ್ಪಾಳೆ.

“ದಿನಾ ಸಂಜೆ ದೀಪ ಹಚ್ಚಿ ಇದನ್ನು ಕೇಳ್ತೇನೆ” ಎಂದಳು. “ಚಂದ ಉಂಟು.”

ನನಗೆ ಸಿಟ್ಟು ಬಂತೋ ಅಳು ಬಂತೋ ಗೊತ್ತಿಲ್ಲ. ಫೋನನ್ನು ಕವುಚಿ ಹಾಕಿದೆ.

ನನ್ನ ಮಾತು ಬಿದ್ದು ಹೋದ ಮೇಲೆ ಬೇರೆಯವರ ಮಾತು ಕೇಳಿಯಾಳೇನೋ ಎಂದು ಶಿರಿಯ ಊರಿನ ಗೆಳೆಯನೊಬ್ಬನನ್ನು ಕರೆತಂದೆ. ಇಪ್ಪತ್ತು ವರ್ಷ ನನ್ನದೇ ಶಾಲೆಯಲ್ಲಿ ಅರಬಿಕ್ ಮಾಷ್ಟ್ರಾಗಿದ್ದವನು, ಬ್ಯಾರಿ. ಪರಿಸರ ದಿನದಂದು ನಾವಿಬ್ಬರೂ ಒಂದೇ ವೇದಿಕೆಯಲ್ಲಿ ಮಾತಾಡಿ, ಇಳಿದ ಮೇಲೆ ಕ್ಯಾಂಟೀನಿನಲ್ಲಿ ಜಗಳಾಡುತ್ತಿದ್ದೆವು. ನಾನು ತಾಯಿ ಎಂದರೆ ಅವನು, “ತಾಯಿ ಅಂತ ಹೇಳಿಯೇ ನೀವು ನದಿಗೆ ಕಸ ಹಾಕುದು ಮಾರಾಯ. ತಾಯಿ ಮಾಫಿ ಮಾಡ್ತಾಳೆ ಅಂತ ಧೈರ್ಯ” ಎನ್ನುತ್ತಿದ್ದ. ಆಗ ನಾನು ನಕ್ಕಿದ್ದೆ.

ಅವನು ಅಕ್ಕನ ಎದುರು ಮೆಲ್ಲಗೆ ಹೇಳಿದ. “ನಮ್ಮಲ್ಲಿ ಹೇಳುದು ಬೇರೆ, ಅಕ್ಕ. ಭೂಮಿ ಅಲ್ಲಾಹನದ್ದು. ನಮ್ಮ ಕೈಯಲ್ಲಿ ಅಮಾನತ್ತು ಇಟ್ಟದ್ದು, ನೋಡಿಕೊಳ್ಳುವ ಕೆಲಸ ಮಾತ್ರ ನಮ್ಮದು. ಸರಿಯಾಗಿ ನೋಡಿಕೊಳ್ಳದಿದ್ರೆ ಒಂದು ದಿನ ಕೇಳ್ತಾನೆ. ಈ ಗುಡ್ಡವನ್ನು ನಾವು ಯಾರೂ ನೋಡಿಕೊಳ್ಳಲಿಲ್ಲ.”

ಅಕ್ಕ ಗಮನವಿಟ್ಟು ಕೇಳಿದಳು. “ಹೌದು ಮಾಷ್ಟ್ರೇ, ನೀವು ಹೇಳುದು ಸರಿ” ಎಂದಳು. “ಹಾಗಾದ್ರೆ ನೋಡಿಕೊಳ್ಳುವವಳು ಬಿಟ್ಟು ಓಡ್ಲಿಕ್ಕೆ ಉಂಟಾ?”

ಸ್ಕೂಟರಿನ ಹಿಂದೆ ಕೂತು ಬರುವಾಗ ಗೆಳೆಯ, “ನಿನ್ನ ಅಕ್ಕ ಎರಡೂ ಕಡೆಯ ಪರೀಕ್ಷೆಯಲ್ಲಿ ಪಾಸು ಮಾರಾಯ. ಫೇಲಾದದ್ದು ನಾವಿಬ್ಬರೇ” ಎಂದ. ಇಬ್ಬರೂ ನಗಲಿಲ್ಲ.

ಕೊನೆಗೆ ಅಜ್ಜನ ಮನೆಗೆ ಹೋದೆ. ಎರಡು ವರ್ಷದಿಂದ ಅವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದವನು ನಾನು. ಅವರು ಹಳೆಯದನ್ನು ಎತ್ತಲಿಲ್ಲ. ಒಂದು ಕೋಲೂರಿಕೊಂಡು ನನ್ನ ಜೊತೆ ಬಂದರು. ಅಕ್ಕನ ಅಂಗಳದಲ್ಲಿ ನಿಂತು ಬಿರುಕಿನ ಉದ್ದಕ್ಕೂ ನಡೆದರು. ಸುರಂಗದ ಬಾಯಿಗೆ ಹೋಗಿ, ಕುಂಕುಮದ ಕಲ್ಲನ್ನು ದಾಟಿ, ಗೋಡೆಗೆ ಅಂಗೈ ಒತ್ತಿ ನಿಂತರು. ಈ ಸಲ ನಾನು ಕೇಳಿದೆ.

“ಅದೆಂತ ಅಜ್ಜ, ಪ್ರಾರ್ಥನೆಯಾ?”

“ಎಂಥ ಪ್ರಾರ್ಥನೆ? ನಡುಗುತ್ತದಾ ನೋಡುದು. ನಡುಗಿದ್ರೆ ಒಳಗೆ ಹೋಗ್ಲಿಕ್ಕಿಲ್ಲ.” ಕೈ ತೆಗೆದು ಪಂಚೆಗೆ ಒರೆಸಿಕೊಂಡರು. ನಡುಗುತ್ತದೆಯೇ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಅಕ್ಕ ಕಾಫಿ ತಂದಾಗ ಅವರು ಜಗಲಿಯ ತುದಿಯಲ್ಲಿ ಕೂತು ಹೇಳಿದರು. “ಅಮ್ಮಾ, ಐವತ್ತು ವರ್ಷ ನಾನು ಗುಡ್ಡಗಳ ಹೊಟ್ಟೆಯಲ್ಲೇ ಇದ್ದವ. ಅದು ನಿಮ್ಮ ತಾಯಿಯೂ ಅಲ್ಲ, ಯಾರೂ ಅಲ್ಲ. ಅದಕ್ಕೆ ನಾವು ಇದ್ದೇವೆ ಅಂತಲೇ ಗೊತ್ತಿಲ್ಲ. ಗೇರುಮರಗಳಿಗೆ ಹೆಲಿಕಾಪ್ಟರಿನಲ್ಲಿ ಮೇಲಿಂದ ಹುಳದ ವಿಷದ ಮದ್ದು ಹೊಡೆದ ಕಾಲದಲ್ಲೂ ಇದೇ ಗುಡ್ಡ ನೀರು ಕೊಟ್ಟದ್ದು. ಮದ್ದು ಬಿದ್ದ ನೀರು. ನಾವು ಕುಡಿದದ್ದು. ಬೇಕೂಂತ ಕೊಟ್ಟದ್ದಲ್ಲ, ಈಗ ಬೇಡಾಂತ ನಿಲ್ಲಿಸುದೂ ಇಲ್ಲ. ಮೇಲಿಂದ ಬಂದದ್ದು ಕೆಳಗೆ ಹೋಗ್ತದೆ. ನಡುವೆ ನಾವು ಮನೆ ಕಟ್ಟಿ ಕೂತಿದ್ದೇವೆ, ಅಷ್ಟೇ.”

ನಾನು ಕೇಳಿದ ಎಲ್ಲ ಭಾಷಣಗಳಿಗಿಂತ ಆ ಮಾತು ನನ್ನನ್ನು ಹೆದರಿಸಿತು. ಕೋಪಿಸಿಕೊಂಡ ದೇವರನ್ನಾದರೂ ಸಮಾಧಾನ ಮಾಡಬಹುದು. ಅಕ್ಕ “ಕಾಫಿ ತಣಿತದೆ, ಕುಡೀರಿ” ಎಂದಳು. ಹೊರಡುವ ಮಾತಿಲ್ಲ. ಆ ಮಳೆಗಾಲವನ್ನು ನಾನು ಪ್ರತಿ ಗುಡುಗಿಗೆ ಎದ್ದು ಕೂತು ಕಳೆದೆ. ಗುಡ್ಡ ನಿಂತಿತ್ತು. ಜನ ಅದಕ್ಕೂ ಕೈ ಮುಗಿದರು.

ಈ ವರ್ಷ ಮಳೆ ಹಿಡಿದು ಮೂರು ವಾರ ಕಳೆದರೂ ನೀರು ಬಿಳಿಯಾಗಲಿಲ್ಲ. ಮೊದಲಿನ ಹಾಗೆ ತಿಳಿಯಾಗಿ, ತಣ್ಣಗೆ ಬೀಳತೊಡಗಿತು. ಅಕ್ಕ ಫೋನಿನಲ್ಲಿ ನಗುತ್ತ ಹೇಳಿದಳು. ನನಗೂ ಎದೆಯ ಭಾರ ಇಳಿದಂತಾಯಿತು. ದಾರಿಯಲ್ಲಿ ಸಿಕ್ಕಿದ ಅಜ್ಜನಿಗೆ ಸಂತೋಷದಿಂದಲೇ ತಿಳಿಸಿದೆ.

ಅವರು ನಿಂತುಬಿಟ್ಟರು. “ತಿಳಿಯಾ?” ಎಂದರು. “ಹಾಗಾದ್ರೆ ಬರುವಷ್ಟು ಬಂದು ಆಯ್ತು ಮಾಷ್ಟ್ರೇ. ಇನ್ನು ಒಳಗಿಂದ ಬರ್ಲಿಕ್ಕೆ ಎಂತದೂ ಇಲ್ಲ.”

ನಾನು ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆ. ಮಧ್ಯಾಹ್ನ. ಅವಳು ತೊಟ್ಟಿಯ ಬಳಿ ಪಾತ್ರೆ ತೊಳೆಯುತ್ತಿದ್ದಳು. ಬಿರುಕಿನಲ್ಲಿ ಈಗ ನನ್ನ ಅಂಗೈ ಅಡ್ಡವಾಗಿ ಇಳಿಯುತ್ತಿತ್ತು. ನನ್ನನ್ನು ನೋಡಿ ಅವಳು ಲೋಟದಲ್ಲಿ ನೀರು ಹಿಡಿದು ಕೊಟ್ಟಳು. ಕುಡಿದೆ. ಚಿಕ್ಕಂದಿನಲ್ಲಿ ರಜೆಗೆ ಬಂದಾಗ ಕುಡಿದ ಅದೇ ರುಚಿ.

“ಅಕ್ಕಾ” ಎಂದೆ. ತೊಟ್ಟಿಯ ಕಟ್ಟೆಯಲ್ಲಿ ಕೂತೆ. “ನಾನು ಹೇಳಿದ್ದು ಸುಳ್ಳು. ಅದು ಹಾಲಲ್ಲ, ಮಣ್ಣು. ಭಾಷಣಕ್ಕಿಂತ ಮೊದಲೇ ನನಗೆ ಗೊತ್ತಿತ್ತು.”

ಅವಳು ಕೈಯಲ್ಲಿದ್ದ ಚೆಂಬನ್ನು ತಿಕ್ಕುತ್ತಲೇ ಇದ್ದಳು. ದೇವರ ಮುಂದೆ ಇಡುತ್ತಿದ್ದ ಅದೇ ಚೆಂಬು.

“ನಂಗೂ ಗೊತ್ತಿತ್ತು” ಎಂದಳು. “ಇದನ್ನು ತಿಕ್ಕುವವಳು ನಾನಲ್ವಾ? ಅಡಿಯಲ್ಲಿ ಕೂತದ್ದು ಹಾಲಾ ಮಣ್ಣಾ ಅಂತ ನಂಗೆ ಗೊತ್ತಾಗುದಿಲ್ವಾ?”

“ಮತ್ತೆ ಯಾಕೆ ಇಲ್ಲಿ ಕೂತದ್ದು?” ನಾನು ಕಿರುಚಿದೆ.

“ನೀನು ಅಷ್ಟು ಜನರ ಎದುರು ಹೇಳಿದ್ದಿ. ನಿನ್ನ ಸ್ವಂತ ಅಕ್ಕನೇ ಗಂಟು ಕಟ್ಟಿ ಹೊರಟ್ರೆ ನಾಳೆ ನಿನ್ನ ಮಾತಿಗೆ ಎಂತ ಬೆಲೆ?” ಚೆಂಬನ್ನು ಬೋರಲು ಹಾಕಿದಳು. “ಚಿಕ್ಕಂದಿನಲ್ಲಿ ನೀನು ಮಾತಾಡುವಾಗ ತೊದಲುತ್ತಿದ್ದೆ, ನೆನಪುಂಟಾ? ಎಲ್ಲರೂ ನಗುತ್ತಿದ್ರು.”

ನನಗೆ ನೆನಪಿತ್ತು. ನಮ್ಮ ಅಪ್ಪನ ಮನೆಯ ಹಟ್ಟಿಯ ಹಿಂದೆ ನಿಲ್ಲಿಸಿ ದಿನಾ ಒಂದೊಂದು ಪದ್ಯ ಗಟ್ಟಿಯಾಗಿ ಹೇಳಿಸಿ ನನ್ನ ನಾಲಿಗೆ ತಿದ್ದಿದವಳು ಅವಳೇ. ನಾನು ಮಗುವಿನ ಹಾಗೆ ಅತ್ತೆ.

“ಎಲ್ಲರ ಎದುರು ಹೇಳಿಬಿಡ್ತೇನೆ” ಎಂದೆ.

“ಹೇಳು. ಹೇಳಿದ ದಿನ ಬರ್ತೇನೆ.”

ಆ ಆದಿತ್ಯವಾರವೇ ಹೇಳಿದೆ. ಅದೇ ಮಂದಿರ, ಅದೇ ಮೈಕು. ಸೇಡಿ ಎಂದರೇನು, ಹೊಂಡದ ನೀರು ಎಲ್ಲಿಗೆ ಹೋಗುತ್ತದೆ, ನಾನು ಯಾವಾಗ ತಿಳಿದೆ, ಯಾಕೆ ಬಾಯಿ ಬಿಡಲಿಲ್ಲ, ಎಲ್ಲ ಹೇಳಿದೆ. ಆ ದಿನ ನಿಜವಾಗಿಯೂ ತೊದಲಿದೆ. ಜನ ಮುಖ ಮುಖ ನೋಡಿಕೊಂಡರು. ಕಾರ್ಯದರ್ಶಿ ಎದ್ದು ಮೈಕು ತೆಗೆದುಕೊಂಡು, ಮಾಷ್ಟ್ರಿಗೆ ಈಚೆಗೆ ಆರೋಗ್ಯ ಸರಿ ಇಲ್ಲ, ಭಕ್ತರು ತಪ್ಪು ತಿಳಿಯಬಾರದು ಎಂದರು. ಚಪ್ಪಾಳೆ ಬಿತ್ತು, ಅವರಿಗೆ. ಹಿಂದಿನ ಸಾಲಿನಿಂದ ಅಕ್ಕ ಎದ್ದು ಹೊರಗೆ ಹೋದಳು. ಸಂಜೆಯೊಳಗೆ ಒಂದು ಟ್ರಂಕು, ಆ ಚೆಂಬು ಮತ್ತು ಹಸುವಿನೊಂದಿಗೆ ನನ್ನ ಮನೆಯಲ್ಲಿದ್ದಳು. ಬೇಳೆ ಬೇಯದ ನೀರಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮೂರನೆಯ ದಿನ ಅವಳ ದೇವರ ಪಟಗಳನ್ನು ತರಲು ನಾನೊಬ್ಬನೇ ಹೋದೆ. ಅಂಗಳದಲ್ಲಿ ಕಾಲಿಟ್ಟಾಗ ಏನೋ ಸರಿಯಿಲ್ಲ ಎನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನೀರು ಬೀಳುವ ಸದ್ದಿರಲಿಲ್ಲ. ಜಡಿಮಳೆ ಸುರಿಯುತ್ತಿದ್ದರೂ ಪೈಪಿನಲ್ಲಿ ಒಂದು ಹ‌ನಿಯಿಲ್ಲ. ಕೈ ಹಿಡಿದರೆ ಒಳಗಿಂದ ತಣ್ಣನೆಯ ಗಾಳಿ ಮಾತ್ರ ಬರುತ್ತಿತ್ತು.

ಸುರಂಗದ ಬಾಯಲ್ಲಿ, ಶೀಟಿನ ಮಾಡಿನ ಕೆಳಗೆ, ಏಳೆಂಟು ಜನ ಬಾಟಲಿ ಹಿಡಿದು ಸಾಲಾಗಿ ನಿಂತಿದ್ದರು. ಎದುರಿಗೆ ಒಬ್ಬಳು ಚಿಕ್ಕ ಪ್ರಾಯದ ಹೆಂಗಸು, ಅವಳ ಸೆರಗು ಹಿಡಿದು ಮೂರು ವರ್ಷದ ಒಂದು ಹೆಣ್ಣುಮಗು.

“ನೀರು ನಿಂತಿದೆ. ಇನ್ನು ಹಾಲೇ ಬರುದಂತೆ, ಕಾಯ್ತಾ ಇದ್ದೇವೆ” ಎಂದಳು ಆ ಹೆಂಗಸು.

“ಇಳೀರಿ ಕೆಳಗೆ!” ಎಂದು ಕೂಗಿದೆ. “ಗುಡ್ಡ ಒಳಗಿಂದ ಟೊಳ್ಳಾಗಿದೆ. ಎಲ್ಲರೂ ಇಳೀರಿ!”

ಯಾರೂ ಕದಲಲಿಲ್ಲ. ಅವಳು ನನ್ನನ್ನು ಕನಿಕರದಿಂದ ನೋಡಿದಳು. ಆರೋಗ್ಯ ಸರಿ ಇಲ್ಲದ ಸುದ್ದಿ ಅವಳಿಗೂ ಮುಟ್ಟಿರಬೇಕು.

“ತಾಯಿ ಎಲ್ಲಿಯಾದ್ರೂ ಮಗುವಿನ ಮೇಲೆ ಬಿದ್ದಾಳೇ ಮಾಷ್ಟ್ರೇ?” ಎಂದು ಮೆಲ್ಲಗೆ ಕೇಳಿದಳು.

ಬಗ್ಗಿ ಆ ಮಗುವನ್ನು ಎತ್ತಿಕೊಂಡು ದಾರಿ ಇಳಿಯತೊಡಗಿದೆ. ಮಗು ಕಿರುಚಿತು. ಅವಳು ಬಾಟಲಿ ಬಿಸಾಡಿ, ಬಾಯಿಗೆ ಬಂದಂತೆ ಬೈಯುತ್ತ ನನ್ನ ಹಿಂದೆಯೇ ಓಡಿ ಬಂದಳು. ನಾನು ನಿಲ್ಲಲಿಲ್ಲ. ರಸ್ತೆಗೆ ಮುಟ್ಟಿ ತಿರುಗಿ ನೋಡಿದಾಗ ಉಳಿದವರು ಬಾಟಲಿ ಹಿಡಿದು ಅಲ್ಲಿಯೇ ನಿಂತಿದ್ದರು.